ರೋಟವೇಟರ್ ಕಟ್ಟೋಕೆ ಯಾವ ಲಿಂಕ್ ಒಳ್ಳೇದು? ಮೂರೂ ಬಳಸಿ ನೋಡಿದೀನಿ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಎಳೆದ್ರೆ ಉದ್ದ ಆಗೋ ಲೋವರ್ ಲಿಂಕ್‌ಗೆ (ಲೋವರ್ ಲಿಂಕ್ ಅಂದ್ರೆ ಟ್ರ್ಯಾಕ್ಟರ್ ಹಿಂದೆ ಕೆಳಗಡೆ ಇರೋ ಎರಡು ತೋಳು), ಟೆಲಿಸ್ಕೋಪಿಕ್ ಅಂತಾರಲ್ಲ ಅದಕ್ಕೆ. ಹೋದ ಮುಂಗಾರಿಗೆ ಮುಂಚೆ ಹಾಕಿಸ್ದೆ. ನಮ್ದು 45 ಎಚ್‌ಪಿ ಟ್ರ್ಯಾಕ್ಟರ್, 6 ಅಡಿ ರೋಟವೇಟರ್ (ತಿರುಗೋ ಬ್ಲೇಡಲ್ಲಿ ಮಣ್ಣು ಪುಡಿ ಮಾಡೋದು), ಜೊತೆಗೆ ಒಂದು ಕಲ್ಟಿವೇಟರ್ (ಹಲ್ಲಿಂದ ಮಣ್ಣು ಕೆದಕೋದು).

ಗಾಡಿ ಜೊತೆ ಬಂದಿದ್ದು ಮಾಮೂಲಿ ಲಿಂಕ್. ಪಿನ್ನಿಗೆ ನೇರ ರಿವರ್ಸ್ ಬರ್ಬೇಕು, ಒಂದಿಂಚು ಆಚೀಚೆ ಆದ್ರೂ ಕೂರಲ್ಲ. ಆಮೇಲೆ ನಡೆಯೋದು ಎಲ್ರಿಗೂ ಗೊತ್ತು, ಒಬ್ಬ ಹಿಂದೆ ನಿಂತು ಹಾರೆ ಹಾಕಿ ಮೀಟ್ತಾನೆ, ಇನ್ನೊಬ್ಬ ಇಂಜಿನ್ ಆಫ್ ಮಾಡ್ದೆ "ಇನ್ನೊಂಚೂರು ಬಾ" ಅಂದಂಗೆಲ್ಲ ಕ್ಲಚ್ ಬಿಡ್ತಾನೆ. ಕಾಲು ಜಾರಿದ್ರೆ ಹಿಂದಿರೋನು ಟೈರಿಗೂ ರೋಟವೇಟರಿಗೂ ಮಧ್ಯೆ ಸಿಕ್ಕಾಕ್ಕೊಂಡ, ತಪ್ಪಿಸ್ಕೊಳ್ಳೋಕೆ ಜಾಗಾನೇ ಇರಲ್ಲ. ಖರ್ಚಿಲ್ಲ ಅನ್ನೋದೊಂದು ಬಿಟ್ರೆ ಇದ್ರಲ್ಲಿ ನಂಗೆ ಬೇರೆ ಲಾಭ ಕಾಣ್ಲಿಲ್ಲ.

ಎರಡನೇದು ಕ್ವಿಕ್ ಹಿಚ್ ಫ್ರೇಮ್, ಅಂದ್ರೆ ಗಾಡಿ ಲಿಂಕ್‌ಗಳಿಗೆ ಸಿಗಿಸೋ ಕೊಕ್ಕೆ ಇರೋ ಚೌಕಟ್ಟು, ನಮ್ಮ ಭಾವನ ಹತ್ರ ಇತ್ತು, ತಂದು ಓಡಿಸ್ದೆ. ರಿವರ್ಸ್ ಬಂದು ಹೈಡ್ರಾಲಿಕ್ ಎತ್ತಿದ್ರೆ ಮೂರೂ ಪಿನ್ನು ಕೊಕ್ಕೇಲಿ ಕೂತ್ಕೊಳ್ತವೆ, ಲಾಕ್ ಬಿತ್ತಾ ನೋಡಿದ್ರೆ ಆಯ್ತು. ತಾಪತ್ರಯ ಶುರುವಾಗಿದ್ದು ಪಿಟಿಓ ಶಾಫ್ಟ್ (ಇಂಜಿನ್ ಶಕ್ತೀನ ರೋಟವೇಟರಿಗೆ ಕೊಡೋ ತಿರುಗೋ ದಂಡ) ಹಾಕೋವಾಗ. ಫ್ರೇಮು ಮಧ್ಯೆ ಬಂದಿದ್ದಕ್ಕೆ ರೋಟವೇಟರ್ ಸುಮಾರು 4 ಇಂಚು ಹಿಂದಕ್ಕೆ ಹೋಯ್ತು, ಶಾಫ್ಟ್ ಒಂದರೊಳಗೊಂದು ಕೂತಿರೋ ಭಾಗ ಅಷ್ಟೂ ಕಮ್ಮಿ ಆಯ್ತು. 540 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 9 ಸುತ್ತು, ಆ ಸ್ಪೀಡಲ್ಲಿ ಶಾಫ್ಟ್ ಕಳಚ್ಕೊಂಡ್ರೆ ಹತ್ರ ಇರೋರ ಗತಿ ಏನು.

ಉದ್ದದ ಶಾಫ್ಟ್ ಹಾಕ್ಸು ಅಂದ್ರು. ಆದ್ರೆ ನನ್ನ ಕಲ್ಟಿವೇಟರ್ ಊರಿನ ವೆಲ್ಡಿಂಗ್ ಶಾಪಲ್ಲಿ ಮಾಡ್ಸಿದ್ದು, ಅದರ ಪಿನ್ನಿನ ಅಗಲ, ಟಾಪ್ ಲಿಂಕ್ (ಮೇಲಿನ ಮೂರನೇ ತೋಳು) ಎತ್ತರ ಎರಡೂ ಆ ಕೊಕ್ಕೆಗಳಿಗೆ ಹೊಂದಲ್ಲ, ಹಂಗಾಗಿ ಅದನ್ನ ಕಟ್ಟೋವಾಗೆಲ್ಲ ಫ್ರೇಮ್ ಬಿಚ್ಲೇಬೇಕು. ಆಮೇಲೆ ಅವಸರದಲ್ಲಿ ಯಾರಾದ್ರೂ ಫ್ರೇಮಿಲ್ದೆ ರೋಟವೇಟರ್ ಕಟ್ಟಿದ್ರೋ, ಅದೇ ಉದ್ದದ ಶಾಫ್ಟ್ ಒಳಗೆ ತುದಿ ಮುಟ್ಟಿ ಪಿಟಿಓ ಬೇರಿಂಗನ್ನೇ ಒತ್ತುತ್ತೆ. ಎಲ್ಲಾ ಇಂಪ್ಲಿಮೆಂಟೂ ಒಂದೇ ಅಳತೇಲಿ ಇರೋರಿಗೆ ಫ್ರೇಮ್ ಚೆನ್ನಾಗಿರಬಹುದು, ನಮ್ಮಂಥೋರಿಗಲ್ಲ.

ಟೆಲಿಸ್ಕೋಪಿಕ್‌ಗೆ ಬಂದ್ರೆ, ಪಿನ್ ಹತ್ರ ಅಂದಾಜಲ್ಲಿ ನಿಲ್ಸು, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಇಂಜಿನ್ ಆಫ್. ಇಳಿದು ಲಾಕ್ ಒತ್ತಿ ತುದಿ ಹೊರಗೆಳ್ದು ಮೊದ್ಲು ಎಡಗಡೆ ಕೂರ್ಸು, ಯಾಕಂದ್ರೆ ಎತ್ತರ ಹೊಂದಿಸೋ ಹ್ಯಾಂಡಲ್ ಇರೋದು ಬಲಗಡೆ. ಎರಡಕ್ಕೂ ಲಾಕ್ ಪಿನ್ ಹಾಕಿ ಗಾಡಿ ಹತ್ತಿ ನಿಧಾನಕ್ಕೆ ರಿವರ್ಸ್ ಬಂದ್ರೆ ತುದಿಗಳು ಒಳಗೆ ಹೋಗಿ ಟಕ್ ಅಂತ ಕೂತ್ಕೊಳ್ತವೆ. ಎರಡೂ ಕಡೆ ಟಕ್ ಅನ್ನೋವರೆಗೂ ಎತ್ತಬೇಡಿ. ಆಮೇಲೆ ಇಂಜಿನ್ ಆಫ್ ಮಾಡಿ ಟಾಪ್ ಲಿಂಕ್, ಕೊನೆಗೆ ಶಾಫ್ಟ್. ಗಾಡಿ ಅಲ್ಲಾಡೋವಾಗ ಹಿಂದೆ ಒಬ್ಬನೂ ಇರಲ್ಲ, ನಂಗೆ ಬೇಕಾಗಿದ್ದೂ ಅದೇ.

ಲಾಕ್ ಸಂದೀಲಿ ಎರೆಮಣ್ಣು ತುಂಬುತ್ತೆ, ಬ್ರಷ್ ಹಾಕಿ ತೊಳೀಬೇಕು.

ನಾನು ಬೆಳಗ್ಗೆ ಬೇಗ ಒಬ್ನೇ ಹೊಲಕ್ಕೆ ಹೋಗೋನು, ಆಳು ಕಾಯೋಕಾಗಲ್ಲ, ಫ್ರೇಮಿಗೆ ಶಾಫ್ಟಿಗೆ ಎರಡಕ್ಕೂ ದುಡ್ಡು ಹಾಕೋಕೂ ಆಗಲ್ಲ, ಹಂಗಾಗಿ ಇದೇ ಸೈ. ಕೊಳ್ಳೋವಾಗ ತೂತಿನ ಸೈಜ್ ನೋಡ್ಕೊಳ್ಳಿ, 28 ಎಂಎಂ ತೂತಿಗೆ 22 ಎಂಎಂ ಪಿನ್ ಬುಷ್ (ಸಂದು ತುಂಬೋ ಬಳೆ) ಇಲ್ದೆ ಹಾಕ್ಬೇಡಿ, ಲಾಕ್ ಪಿನ್ ಕಳೆದ್ರೆ ತಂತಿ ಸುತ್ಕೊಂಡು ಹೋಗ್ಬೇಡಿ, ಟೂಲ್‌ಬಾಕ್ಸಲ್ಲಿ ನಾಲ್ಕು ಎಕ್ಸ್‌ಟ್ರಾ ಇಟ್ಕೊಳ್ಳಿ.