ಕಾವಿ ನೆಲ ಒಡೆಸುವ ಮೊದಲು ನಮ್ಮ ಅಡುಗೆಮನೆಯ ಕತೆ ಓದಿ

ನಿಮ್ಮದು ಹೆಂಚಿನ ಮನೆಯಾ? ಅಡುಗೆಮನೆಯಲ್ಲಿ ಕಾವಿ ನೆಲ, ಅಂದರೆ ಕೆಂಪು ಸಿಮೆಂಟಿನ ನೆಲ ಇದೆಯಾ? ಹಳೆಯದನ್ನು ಉಳಿಸಿಕೊಂಡು, ಹೊಸದನ್ನೂ ಸೇರಿಸಿ ಚೆಂದ ಮಾಡಿಸೋಣ ಅಂತ ಲೆಕ್ಕ ಹಾಕುತ್ತಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಾವು ಮಾತಾಡಿದ್ದು 6 ಲಕ್ಷ 40 ಸಾವಿರಕ್ಕೆ. ಅದರಲ್ಲಿ 5 ಲಕ್ಷ 76 ಸಾವಿರ ಕೊಟ್ಟಾಗಿದೆ. ಮೊದಲ ಮಳೆಗಾಲ ಮುಗಿಯುವ ಮೊದಲೇ ಕೆಳಗಿನ ಕಪಾಟುಗಳು ಹಾಳಾದವು.

ಶಿವಮೊಗ್ಗದಲ್ಲಿ ನಮ್ಮದು ಮಾವನವರ ಕಾಲದ ಮನೆ. ಮೇಲೆ ಮಂಗಳೂರು ಹೆಂಚು, ಒಲೆಯ ಮೇಲ್ಗಡೆ ಎರಡು ಗಾಜಿನ ಹೆಂಚು. ನೆಲ ಕಾವಿಯದು. ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯ ಹಾಗೆ ಆಗಿತ್ತು. ಕೊರತೆ ಇದ್ದದ್ದು ಜಾಗಕ್ಕೆ. ಮಿಕ್ಸಿ, ಗ್ರೈಂಡರ್, ಓವನ್ ಇಡಲು ಕಟ್ಟೆ ಸಾಲುತ್ತಿರಲಿಲ್ಲ. ಪಾತ್ರೆಗಳೆಲ್ಲ ಹಲಗೆಯ ಮೇಲೆ ಧೂಳು ಹಿಡಿಯುತ್ತಿದ್ದವು. ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರು ಮಾಡಿಸಿದೆವು.

ಒಳಾಂಗಣ ಮಾಡುವವರೊಬ್ಬರು ಲ್ಯಾಪ್‌ಟಾಪ್‌ನಲ್ಲಿ ತ್ರೀಡಿ ಚಿತ್ರ ತೋರಿಸಿದರು. ತೇಗದ ಬಣ್ಣದ ಬಾಗಿಲು, ಹಿತ್ತಾಳೆ ಹಿಡಿ, ಒಲೆಯ ಮುಂದೆ ಕೈಯಲ್ಲಿ ಮಾಡಿದ ಬಣ್ಣದ ಅತ್ತಂಗುಡಿ ಟೈಲ್ಸ್, ಉಳಿದ ಕಡೆ ನಮ್ಮ ಕಾವಿ ನೆಲ, ಮೇಲೆ ಬಿಳಿ ಸೀಲಿಂಗ್. ನಿಜ ಹೇಳುತ್ತೇನೆ, ಆ ಚಿತ್ರ ನೋಡಿ ನನಗೆ ಬಹಳ ಖುಷಿಯಾಗಿತ್ತು. ನನ್ನ ಅತ್ತೆಯ ಮನೆಯೂ ಹೌದು, ನನ್ನ ಮನೆಯೂ ಹೌದು ಅನ್ನಿಸುವ ಹಾಗೆ ಇತ್ತು. ಕಟ್ಟೆಗೆ ಬಿಳಿ ಕ್ವಾರ್ಟ್ಸ್ ಅಂದರು, ಕಲ್ಲಿನ ಪುಡಿಗೆ ಅಂಟು ಬೆರೆಸಿ ಮಾಡುವ ಹಲಗೆ ಅದು. ಬಿಸಿ ಬಾಣಲೆ ಇಟ್ಟರೆ ಅದರೊಳಗಿನ ಅಂಟಿಗೆ ಕಲೆ ಬೀಳುತ್ತದೆ ಅಂತ ಗೊತ್ತಿತ್ತು, ಬೇಡ ಅಂದೆ. ಕರಿ ಗ್ರಾನೈಟ್ ಹಾಕಿಸಿದೆವು. ಇಡೀ ಕೆಲಸದಲ್ಲಿ ಇವತ್ತಿಗೂ ಸರಿಯಾಗಿರುವುದು ಅದೊಂದೇ.

ಮೊದಲು ಹೋಗಿದ್ದು ನೆಲ. ಅತ್ತಂಗುಡಿ ಟೈಲ್ಸ್ ಕೂರಿಸಬೇಕಾದರೆ ಕಾವಿಯ ಮೇಲೆ ಸಿಮೆಂಟ್ ಹಿಡಿಯುವುದಿಲ್ಲ, ಅದಕ್ಕೆ ಸ್ವಲ್ಪ ಕೊಚ್ಚುತ್ತೇವೆ ಅಂದರು. ನಾನು ಸ್ವಲ್ಪ ಅಂದರೆ ಸ್ವಲ್ಪ ಅಂತ ತಿಳಿದೆ. ಮಧ್ಯಾಹ್ನ ಶಾಲೆಯಿಂದ ಮಗಳನ್ನು ಕರೆದುಕೊಂಡು ಬರುವಷ್ಟರಲ್ಲಿ ಮೆಷಿನ್ ಇಟ್ಟು ಕುಟ್ಟಿದ್ದರು. ಬಿರುಕು ಒಲೆಯ ಹತ್ತಿರ ನಿಂತಿರಲಿಲ್ಲ, ಊಟದ ಜಾಗದವರೆಗೆ ಓಡಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಅಷ್ಟು ವರ್ಷ ಒರೆಸಿದ್ದೆ ಕಣೇ" ಅಂದರು, ಅಷ್ಟೇ. ಆಮೇಲೆ ಎರಡು ದಿನ ಆ ಕಡೆ ಬರಲಿಲ್ಲ.

ಕಾವಿ ನೆಲಕ್ಕೆ ತೇಪೆ ಹಾಕಲು ಬರುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಸಿಮೆಂಟಿಗೆ ಕೆಂಪು ಆಕ್ಸೈಡ್ ಬೆರೆಸಿ, ಹಸಿ ಇರುವಾಗಲೇ ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸುತ್ತಾರೆ. ಇವತ್ತು ಹಾಕಿದ ಕೆಂಪು ಹಳೆಯ ಕೆಂಪಿನ ಜೊತೆ ಸೇರುವುದಿಲ್ಲ. ಗಾರೆಯವರು ಬಿರುಕಿಗೆ ತುಂಬಿದ ಬಣ್ಣ ಈಗಲೂ ಗಾಯದ ಗುರುತಿನ ಹಾಗೆ ಎದ್ದು ಕಾಣುತ್ತದೆ. ಹಳೆಯ ನೆಲ ಬರೀ ಮಂಕಾಗಿದ್ದರೆ ಪಾಲಿಶ್ ಮಾಡಿಸಿದರೆ ಸಾಕು. ನಮ್ಮದಕ್ಕೆ ಅದೂ ಬೇಕಿರಲಿಲ್ಲ.

ಅತ್ತಂಗುಡಿ ಟೈಲ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತಮಿಳುನಾಡಿನ ಚೆಟ್ಟಿನಾಡು ಕಡೆ ಕೈಯಲ್ಲಿ ಮಾಡುವ ಟೈಲ್ಸ್ ಅದು. ಗಾಜಿನ ಮೇಲೆ ಬಣ್ಣ ಸುರಿದು, ಸಿಮೆಂಟು, ಮರಳು ತುಂಬಿ, ನೀರಲ್ಲಿ ನೆನೆಸಿ ಗಟ್ಟಿ ಮಾಡುತ್ತಾರೆ. ಗೂಡಿನಲ್ಲಿ ಸುಡುವುದಿಲ್ಲ. ಹಾಗಾಗಿ ಎಣ್ಣೆ, ಅರಿಶಿನ ಎಲ್ಲ ಹೀರಿಕೊಳ್ಳುತ್ತದೆ. ಹುಣಸೆಹುಳಿ ಚೆಲ್ಲಿದರೆ ಮೇಲ್ಮೈ ತಿನ್ನುತ್ತದೆ. ಹಜಾರಕ್ಕೆ, ಜಗುಲಿಗೆ ಅದು ಚೆಂದ. ಒಗ್ಗರಣೆ ಸಿಡಿಯುವ ಒಲೆಯ ಬುಡಕ್ಕೆ ಅಲ್ಲ. ಇನ್ನೊಂದು ವಿಷಯ ಚಿತ್ರದಲ್ಲಿ ಕಾಣಲೇ ಇಲ್ಲ. ಆ ಟೈಲ್ಸ್ ದಪ್ಪ. ಅದರ ಕೆಳಗೆ ಗಾರೆ ಬೇರೆ. ಕಾವಿಯೂ ಟೈಲ್ಸೂ ಸೇರುವ ಕಡೆ ಮುಕ್ಕಾಲು ಇಂಚಿನ ಮೆಟ್ಟಿಲು ನಿಂತಿತು. 74 ವರ್ಷದ ಅತ್ತೆ ಮೇ ತಿಂಗಳಲ್ಲಿ ಒಂದು ಸಂಜೆ ಅಲ್ಲೇ ಎಡವಿದರು. ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಇರಲಿಲ್ಲ, ದೇವರು ದೊಡ್ಡವನು.

ಇನ್ನು ಕಪಾಟಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಹಣ ಹೋಗುವುದು ಇಲ್ಲೇ. ಬಾಯಲ್ಲಿ ಅವರು ಹೇಳಿದ್ದು ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್. ಕೊಟೇಶನ್‌ನಲ್ಲಿ ಬರೆದದ್ದು "ವಾಟರ್‌ಪ್ರೂಫ್ ಬೋರ್ಡ್". ಎರಡೂ ಒಂದೇ ಅಂದುಕೊಂಡು ಸಹಿ ಹಾಕಿದೆವು. ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಅಂದರೆ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಜುಲೈಗೆ ಸಿಂಕ್ ಕೆಳಗಿನ ಕಪಾಟು ಉಬ್ಬಿತು. ಬಾಗಿಲು ಮುಚ್ಚುತ್ತಿರಲಿಲ್ಲ. ಅಂಚಿನ ಪಟ್ಟಿ ಕಿತ್ತು ಬಂತು. ಹಿಂಜಿನ ಸ್ಕ್ರೂ ಕೈಗೇ ಬಂತು.

ಬೀದಿಯ ಕೊನೆಯ ಬಡಗಿಯವರನ್ನು ಕರೆದೆ. ಅವರು ಕಿತ್ತು ಬಂದ ಜಾಗಕ್ಕೆ ಉಗುರು ಹಾಕಿ ಕೆರೆದರು, ಪುಡಿ ಉದುರಿತು. "ಅಕ್ಕಾ, ಇದು ಪ್ಲೈ ಅಲ್ಲ. ಮರದ ಪುಡಿ ಒತ್ತಿ ಮಾಡಿದ ಹಲಗೆ. ಮೇಲೆ ಮೈಕಾ ಅಂಟಿಸಿದ್ದಾರೆ ಅಷ್ಟೇ" ಅಂದರು. ಪ್ಲೈ ಆಗಿದ್ದರೆ ಕತ್ತರಿಸಿದ ಅಂಚಿನಲ್ಲಿ ಪದರ ಪದರ ಕಾಣುತ್ತದೆ. ನಮ್ಮದರಲ್ಲಿ ಅವಲಕ್ಕಿ ಒತ್ತಿದ ಹಾಗೆ ಚೂರುಗಳು ಕಾಣುತ್ತಿದ್ದವು.

ನೀವು ಕೊಟೇಶನ್‌ನಲ್ಲಿ ಬರೆಸಬೇಕಾದದ್ದು "ಐಎಸ್ 710" ಅನ್ನುವ ಸಂಖ್ಯೆ. ಮರೈನ್ ಪ್ಲೈಗೆ ಇರುವ ಭಾರತೀಯ ಮಾನಕ ಅದು. ಅಂಟು ಬಿಡುತ್ತದೋ ಇಲ್ಲವೋ ಅಂತ ಆ ಪ್ಲೈಯನ್ನು 72 ಗಂಟೆ ನೀರಲ್ಲಿ ಕುದಿಸಿ ನೋಡುತ್ತಾರೆ. ಐಎಸ್ 303 ಅಂತ ಇದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈ. ಅದರಲ್ಲೂ ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ಅಂತ ಇದ್ದರೆ ತೇವ ಸ್ವಲ್ಪ ತಡೆಯುತ್ತದೆ, ನೀರು ತಡೆಯುವುದಿಲ್ಲ. ಸಿಂಕ್ ಹತ್ತಿರ ಅದು ಬೇಡವೇ ಬೇಡ. ಹಲಗೆ ಮನೆಗೆ ಬಂದಾಗ, ಕತ್ತರಿಸುವ ಮೊದಲು, ಐಎಸ್‌ಐ ಮುದ್ರೆ ಮತ್ತು ಸಿಎಂ/ಎಲ್ (CM/L) ಅಂತ ಶುರುವಾಗುವ ಪರವಾನಗಿ ಸಂಖ್ಯೆಯ ಫೋಟೋ ತೆಗೆಯಿರಿ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ ಕೊಟ್ಟ ಪರವಾನಗಿ ಅಂತ ತೋರಿಸುತ್ತದೆ. ಫ್ಯಾಕ್ಟರಿಯಲ್ಲೇ ಕತ್ತರಿಸಿ, ಮೈಕಾ ಹಾಕಿ ತರುತ್ತೇವೆ ಅಂದರೆ ಒಂದು ಸಲ ಅಲ್ಲಿಗೇ ಹೋಗಿ ನೋಡಿ. ನಾವು ಹೋಗಲಿಲ್ಲ. ನಮಗೆ ಬಂದದ್ದು ಒಳಗಿನ ಹಲಗೆ ಕಾಣದ ಹಾಗೆ ಪೂರ್ತಿ ಮೈಕಾ ಮುಚ್ಚಿದ ಕಪಾಟುಗಳು.

ಮೇಲೆ ನೋಡೋಣ. ಹೆಂಚಿನ ಮನೆಯಲ್ಲಿ ಹೊಗೆ ಹೆಂಚಿನ ಸಂದಿಯಿಂದ ತಾನಾಗೇ ಹೋಗುತ್ತದೆ. ಫಾಲ್ಸ್ ಸೀಲಿಂಗ್ ಹಾಕಿ ಅದನ್ನು ಮುಚ್ಚಿದರು. ಗಾಜಿನ ಹೆಂಚಿನ ಬೆಳಕೂ ಹೋಯಿತು. ಹಗಲಲ್ಲೂ ಲೈಟ್ ಹಾಕಿ ಅಡುಗೆ ಮಾಡುವ ಹಾಗಾಯಿತು. ಹೊಗೆಗೆ ಚಿಮಣಿ ಇದೆಯಲ್ಲ ಅಂದರು. ಇತ್ತು. ಒಣಮೆಣಸಿನಕಾಯಿ ಹುರಿದರೆ ಮಾತ್ರ ಮನೆಯವರೆಲ್ಲ ಕೆಮ್ಮುತ್ತಿದ್ದೆವು. ಆಗಸ್ಟ್‌ನಲ್ಲಿ ಸೀಲಿಂಗ್ ಮೇಲೆ ಕಂದು ಕಲೆ ಕಾಣಿಸಿತು. ಮಳೆ ಸೋರುತ್ತಿದೆ ಅಂತ ಹೆಂಚು ಕೈಯಾಡಿಸಲು ಆಳು ಕರೆಸಿದೆವು. ಮೇಲೆ ಹತ್ತಿದ ಹುಡುಗ ಹೇಳಿದ, "ಅಮ್ಮಾ, ಪೈಪು ಹೊರಗೆ ಹೋಗೇ ಇಲ್ಲ." ಚಿಮಣಿಯ ಪೈಪನ್ನು ಗೋಡೆ ದಾಟಿಸದೆ ಸೀಲಿಂಗ್ ಮತ್ತು ಹೆಂಚಿನ ನಡುವೆ ಸುಮ್ನೆ ಬಿಟ್ಟಿದ್ದರು. ಮೂರು ತಿಂಗಳ ಎಣ್ಣೆ ಹೊಗೆ ಹೆಂಚು ಹೊರುವ ಮರದ ಪಕಾಸು, ರೀಪುಗಳಿಗೆ ಹಿಡಿದಿತ್ತು. ಒಣ ಮರ, ಎಣ್ಣೆ ಜಿಡ್ಡು, ಪಕ್ಕದಲ್ಲೇ ಲೈಟಿನ ವೈರು. ನೆನೆದರೆ ಈಗಲೂ ಕೈ ನಡುಗುತ್ತದೆ.

ಚಿಮಣಿ ಕೂರಿಸಿದ ದಿನವೇ ಹೊರಗೆ ಹೋಗಿ ಪೈಪಿನ ಬಾಯಿ ಕಣ್ಣಾರೆ ನೋಡಿ. ಪೈಪು ಆದಷ್ಟು ನೇರ ಇರಬೇಕು. ತಿರುವು ಜಾಸ್ತಿಯಾದಷ್ಟೂ ಎಳೆತ ಕಡಿಮೆ.

ಗ್ಯಾಸಿನದು ಇದಕ್ಕಿಂತ ಭಯದ ವಿಷಯ. ಅಂದ ಕೆಡುತ್ತದೆ ಅಂತ ಸಿಲಿಂಡರನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಮುಚ್ಚಿದ್ದರು. ಕೆಳಗೆ ಒಂದು ತೂತೂ ಇರಲಿಲ್ಲ. ಇದನ್ನು ಗಮನಿಸಿದ್ದು ಸಿಲಿಂಡರ್ ತಂದ ಹುಡುಗ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ಕೆಳಗೇ ತುಂಬಿಕೊಳ್ಳುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದರ ವಾಸನೆ ನಮಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಅವತ್ತೇ ಬಾಗಿಲು ತೆಗೆಸಿ ಹಾಕಿದೆ. ಈಗ ಸಿಲಿಂಡರ್ ಕಾಣುತ್ತದೆ, ಕಾಣಲಿ.

ಇಷ್ಟೆಲ್ಲ ಆದ ಮೇಲೆ ಆ ಒಳಾಂಗಣದವರಿಗೆ ಫೋನ್ ಮಾಡಿದರೆ ಮೊದಲು "ನಾಳೆ ಹುಡುಗರನ್ನು ಕಳಿಸುತ್ತೇನೆ" ಅನ್ನುತ್ತಿದ್ದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಅವರಿಗೆ ತೊಂದರೆ ಏನೂ ಇರಲಿಲ್ಲ. ಬುಕಿಂಗಿಗೆ ಶೇಕಡಾ 10, ಕೆಲಸಕ್ಕೆ ಮೊದಲು 50, ಸಾಮಾನು ಬಂದಾಗ 30 ಕೊಟ್ಟಾಗಿತ್ತು. ನಮ್ಮ ಕೈಯಲ್ಲಿ ಉಳಿದದ್ದು ಹತ್ತು ಮಾತ್ರ. ಅದನ್ನು ಬಿಟ್ಟುಕೊಟ್ಟರೂ ಅವರಿಗೆ ಲಾಭವೇ. ನೀವು ಕೊಡುವುದಾದರೆ ಕೆಲಸದ ಹಂತ ನೋಡಿ ಕೊಡಿ. ಕಾಲು ಭಾಗವನ್ನಾದರೂ ಎಲ್ಲ ಮುಗಿದು, ನೀರು ಬಿಟ್ಟು, ಒಲೆ ಹಚ್ಚಿ ನೋಡುವ ತನಕ ಕೈಯಲ್ಲಿ ಇಟ್ಟುಕೊಳ್ಳಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಅಲ್ಲಿ ರಾಜಿ ಆಗಲಿಲ್ಲ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ದೂರನ್ನು ತೊಂದರೆಯಾದ ಎರಡು ವರ್ಷದ ಒಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಮೊದಲು ಕೇಳಿದ್ದೇ ಕೊಟೇಶನ್. "ವಾಟರ್‌ಪ್ರೂಫ್ ಬೋರ್ಡ್" ಅನ್ನುವ ಎರಡು ಪದ ಓದಿ ಅವರು ಸುಮ್ಮನಾದರು. ಬಾಯಿಮಾತಿನ ಮರೈನ್ ಪ್ಲೈಗೆ ನಮ್ಮ ಹತ್ತಿರ ಕಾಗದ ಇಲ್ಲ. ವಾಟ್ಸಾಪ್‌ನಲ್ಲಿ ಅವರೇ ಕಳಿಸಿದ ಒಂದು ಮೆಸೇಜ್ ಇದೆ, ಅದರಲ್ಲಿ ಪ್ಲೈ ಅಂತ ಬರೆದಿದ್ದಾರೆ. ಅದರ ಮೇಲೇ ನಂಬಿಕೆ ಇಟ್ಟಿದ್ದೇವೆ. ನೀವು ಏನು ಮಾತಾಡಿದರೂ ಅದೇ ದಿನ ಮೆಸೇಜ್‌ನಲ್ಲಿ ಬರೆದು ಕಳಿಸಿ, "ಹೌದು" ಅಂತ ಉತ್ತರ ತರಿಸಿಕೊಳ್ಳಿ.

ಅದೇ ಬಡಗಿಯವರು ಸಿಂಕ್ ಕೆಳಗೆ ಹೊಸದಾಗಿ ಪ್ಲೈ ಹಾಕಿಕೊಟ್ಟರು. ಒಲೆಯ ಮೇಲಿನ ಸೀಲಿಂಗ್ ತೆಗೆಸಿದೆವು, ಬೆಳಕು ವಾಪಸ್ ಬಂತು. ನೆಲದ ಮೆಟ್ಟಿಲು ಇರುವ ಕಡೆ ಅವರೇ ಮರದ ಇಳಿಜಾರು ಪಟ್ಟಿ ಕೂರಿಸಿ ಹೋದರು. ಅತ್ತೆ ಈಗಲೂ ಆ ಜಾಗಕ್ಕೆ ಬಂದಾಗ ಗೋಡೆ ಹಿಡಿದುಕೊಳ್ಳುತ್ತಾರೆ.