ಕ್ಯಾಬಿನ್ ಟ್ರ್ಯಾಕ್ಟರ್ ಮತ್ತು ತೆರೆದ ಟ್ರ್ಯಾಕ್ಟರ್: ಹೊಳಲ್ಕೆರೆ ಸೀಮೆಯ ಬಳಕೆಯಲ್ಲಿ ಕಂಡದ್ದು

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಜಮೀನಿನಲ್ಲಿ ಮಳೆಯಾಶ್ರಿತ ಮೆಕ್ಕೆಜೋಳದ ಹೊಲವೂ ಕೊಳವೆಬಾವಿ ನೀರಿನ ಅಡಿಕೆ ತೋಟವೂ ಇರುವುದರಿಂದ, ಹಳೆಯ ತೆರೆದ ಟ್ರ್ಯಾಕ್ಟರನ್ನು ಉಳಿಸಿಕೊಂಡೇ ಎಸಿ ಕ್ಯಾಬಿನ್ನಿನ ಹೊಸ ಗಾಡಿಯನ್ನು ಕೊಂಡೆವು. ಎರಡನ್ನೂ ಹಲವು ಹಂಗಾಮು ದುಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕ್ಯಾಬಿನ್ ಬೇಕಾಗುವುದು ತಂಪಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚಿನ ಸುಖ ಸಿಕ್ಕಿದ್ದು ಕಿವಿಗೆ. ತೆರೆದ ಗಾಡಿಯಲ್ಲಿ ಭಾರದ ಕೆಲಸ ಮಾಡುವಾಗ ಚಾಲಕನ ಕಿವಿಗೆ ಬೀಳುವ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ದಿನಕ್ಕೆ 8 ಗಂಟೆ ದುಡಿಯುವವರಿಗೆ 85 ಡೆಸಿಬೆಲ್ ಮೀರಬಾರದೆಂದು ತಜ್ಞರು ಹೇಳುತ್ತಾರೆ. ಮೊದಲು, ಮಣ್ಣು ಪುಡಿಮಾಡುವ ರೋಟವೇಟರ್ ಹೊಡೆದು ಬಂದ ರಾತ್ರಿ ಮಲಗುವವರೆಗೂ ಕಿವಿ ಗುಂಯ್‌ಗುಡುತ್ತಿತ್ತು. ಈಗ ಒಳಮನೆಯಿಂದ ಅವ್ವ ಮೆಲ್ಲಗೆ ಕೇಳಿದ್ದಕ್ಕೂ ಉತ್ತರ ಕೊಡುತ್ತೇನೆ.

ಇದಕ್ಕೆ ಪ್ರತಿಯಾಗಿ ಗಾಡಿ ಆರೈಕೆ ಬೇಡುತ್ತದೆ. ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಬೆಳಗಿನ ಕಾಫಿಗೂ ಮುಂಚೆ ಕ್ಯಾಬಿನ್ ಫಿಲ್ಟರನ್ನು ಹೊರತೆಗೆದು ಮೆಲ್ಲಗೆ ತಟ್ಟಿ ಧೂಳು ಕೊಡವುತ್ತೇನೆ. ರೇಡಿಯೇಟರ್ ಮುಂದಿರುವ ಎಸಿ ಕಂಡೆನ್ಸರಿಗೆ ಹಿಡಿದ ಹೊಟ್ಟನ್ನು ಒಳಗಿನಿಂದ ಹೊರಕ್ಕೆ ಗಾಳಿ ಹೊಡೆದು ತೆಗೆಯುತ್ತೇನೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸುತ್ತೇನೆ. ಒಕ್ಕಣೆ ಯಂತ್ರಕ್ಕೆ ಕಟ್ಟಿ ನಿಂತಲ್ಲೇ ಓಡಿಸುವಾಗ ಹೊಟ್ಟು ಕಟ್ಟಿಕೊಂಡರೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಬೇಕಿಲ್ಲ.

ಆದರೆ ಆ ನಿಶ್ಶಬ್ದವೇ ನಮ್ಮ ಕಲ್ಲುಭೂಮಿಯಲ್ಲಿ ತೊಡಕು ಕೂಡ. ರೋಟವೇಟರಿನ ಬ್ಲೇಡಿಗೆ ಕಲ್ಲು ಬಡಿದದ್ದು ಒಳಗೆ ಕೇಳುವುದಿಲ್ಲ. ಕೇಳಲೆಂದು ಹಿಂದಿನ ಗಾಜು ತೆರೆದರೆ ಧೂಳೆಲ್ಲ ಒಳಗೆ. ತೋಟದಲ್ಲಂತೂ ನನಗೆ ಬೇಸರವೇ ಹೆಚ್ಚು. 9 ಅಡಿ ಅಂತರದ ಎಳೆಯ ಅಡಿಕೆ, ನಡುವೆ ಬಾಳೆ. ಸೋಗೆ ಗಾಜಿಗೆ ಉಜ್ಜುತ್ತದೆ, ತಿರುಗಿಸುವಾಗ ಕ್ಯಾಬಿನ್ ಮೂಲೆ ಗಿಡಕ್ಕೆ ತಾಗುತ್ತದೆ. ಅಲ್ಲಿಗೆ ಮೇಲಿನ ಹುಡ್ ಕಳಚಿದ ಹಳೆಯ ಗಾಡಿಯೇ ಸರಿ. ಔಷಧಿ ಸಿಂಪಡಿಸುವವರು ಇನ್ನೊಂದು ವಿಷಯ ತಿಳಿದಿರಬೇಕು: ಸಾಮಾನ್ಯ ಕಾಗದದ ಫಿಲ್ಟರ್ ಧೂಳನ್ನು ತಡೆಯುತ್ತದೆಯೇ ಹೊರತು ವಿಷದ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಪದರವಿರುವ ಫಿಲ್ಟರೇ ಬೇಕು.

ಬರೀ ತೋಟವಿರುವವರು ಕ್ಯಾಬಿನ್ನಿಗೆ ಹಣ ಹಾಕುವುದು ಬೇಡ. ಬಯಲು ಹೊಲವಿದ್ದು, ಬಾಡಿಗೆಗೂ ಓಡಿಸಿ, ದಿನವಿಡೀ ಸೀಟಿನಲ್ಲೇ ಕೂರುವವರಿಗೆ ಸಾಲದ ಕಂತು ಭಾರವಾದರೂ ಅದು ತಕ್ಕದ್ದು. ತೆರೆದ ಗಾಡಿಯನ್ನೇ ಕೊಳ್ಳುವವರು ಕಿವಿ ಮುಚ್ಚುವ ಇಯರ್‌ಮಫ್ ಒಂದನ್ನು ಅದೇ ದಿನ ತೆಗೆದುಕೊಳ್ಳಿ. ಹಳೆಯ ಗಾಡಿ ಓಡಿಸುವ ನನ್ನ ತಮ್ಮ ಈಗ ಅದಿಲ್ಲದೆ ಸ್ಟಾರ್ಟ್ ಮಾಡುವುದಿಲ್ಲ.