ಫಾರ್ಮಾಲ್ ಎಂ ಎಂಜಿನ್ನಿಗೆ 281 ಘನ ಇಂಚಿನ ಪಿಸ್ಟನ್ ಕಿಟ್: ಎಳೆತದ ಸ್ಪರ್ಧೆಯ ಕಣ್ಣಿನಿಂದ ಒಂದು ವಿಮರ್ಶೆ

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1939ರಿಂದ 1952ರವರೆಗೆ ತಯಾರಿಸಿದ ಫಾರ್ಮಾಲ್ ಎಂ ಟ್ರ್ಯಾಕ್ಟರಿನ ಪೆಟ್ರೋಲ್ ಎಂಜಿನ್ನಿಗೆ ನಾಲ್ಕು ಸಿಲಿಂಡರು, 3.875 ಇಂಚಿನ ಬೋರ್ (ಸಿಲಿಂಡರಿನ ಒಳವ್ಯಾಸ), 5.25 ಇಂಚಿನ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ). ಒಟ್ಟು ಗಾತ್ರ 248 ಘನ ಇಂಚು. ತೂಕ ಹೊತ್ತ ಸ್ಲೆಡ್ಡನ್ನು (ನೆಲದ ಮೇಲೆ ಜಾರುವ ಬಂಡಿಯನ್ನು) ಯಾರು ಹೆಚ್ಚು ದೂರ ಎಳೆಯುತ್ತಾರೆಂದು ನೋಡುವ, ಹಳೆಯ ಟ್ರ್ಯಾಕ್ಟರುಗಳ ಎಳೆತದ ಸ್ಪರ್ಧೆಗೆಂದು ಇದೇ ಎಂಜಿನ್ನಿನ ಬೋರನ್ನು 4.125 ಇಂಚಿಗೆ ಹಿಗ್ಗಿಸಿ, ಗಾತ್ರವನ್ನು 281 ಘನ ಇಂಚಿಗೆ ಏರಿಸುವ ಸ್ಲೀವ್ (ಸಿಲಿಂಡರಿನೊಳಗೆ ಕೂರುವ ಕೊಳವೆ) ಮತ್ತು ಪಿಸ್ಟನ್ನಿನ ಕಿಟ್ ಒಂದನ್ನು ತರಿಸಿ, ಸ್ಪರ್ಧೆಯ ಎರಡು ಋತುಗಳ ಕಾಲ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮಾರಿದವರ ಹೆಸರನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಬೇಕಾದ ಮಾತು ಅಂಗಡಿಗಿಂತ ಹೆಚ್ಚಾಗಿ ಸರಕಿಗೆ ಸಂಬಂಧಿಸಿದ್ದು.

ಈ ಅಳತೆಯನ್ನೇ ಆರಿಸಿಕೊಳ್ಳಲು ನನಗಿದ್ದ ದೊಡ್ಡ ಕಾರಣವೆಂದರೆ, ಮುಂದೆ ಫಾರ್ಮಾಲ್ 450ರಲ್ಲಿ ಕಂಪನಿಯೇ 4.125 ಇಂಚಿನ ಬೋರ್ ಮತ್ತು ಇದೇ 5.25 ಇಂಚಿನ ಸ್ಟ್ರೋಕನ್ನು ಬಳಸಿತ್ತು. ತಯಾರಕರೇ ನಡೆದು ನೋಡಿದ ದಾರಿಯಲ್ಲಿ ಹೋಗುವಾಗ ಎಂಜಿನ್ನಿನ ಬಗೆಗಿನ ಭಯ ಅರ್ಧ ಕಡಿಮೆಯಾಗುತ್ತದೆ.

ಎಳೆತದ ಸ್ಪರ್ಧೆಯಲ್ಲಿ ಎಂಜಿನ್ನಿನಿಂದ ಏನು ಬೇಕು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳದಿದ್ದರೆ ಹಣ ವ್ಯರ್ಥವಾಗುತ್ತದೆ. ಟ್ರ್ಯಾಕ್ಟರ್ ಮುಂದೆ ಸಾಗಿದಂತೆ ಸ್ಲೆಡ್ಡಿನ ಮೇಲಿನ ತೂಕದ ಪೆಟ್ಟಿಗೆಯೂ ಮುಂದಕ್ಕೆ ಜರುಗಿ, ಸ್ಲೆಡ್ ನೆಲಕ್ಕೆ ಹೆಚ್ಚು ಹೆಚ್ಚು ಒತ್ತಿಕೊಂಡು, ಎಂಜಿನ್ನಿನ ವೇಗ ಕುಸಿಯತೊಡಗುತ್ತದೆ; ಕೊನೆಯ ಕೆಲವು ಅಡಿಗಳು ದಕ್ಕುವುದು ಆ ಕುಸಿತದಲ್ಲೂ ಬಿಡದೆ ಎಳೆಯುವ ಟಾರ್ಕಿನಿಂದಲೇ (ತಿರುಗಿಸುವ ಬಲದಿಂದಲೇ) ಹೊರತು, ಗರಿಷ್ಠ ವೇಗದಲ್ಲಿ ಮಾತ್ರ ಕಾಣುವ ಅಶ್ವಶಕ್ತಿಯಿಂದಲ್ಲ. ಬೋರ್ ಹಿಗ್ಗಿಸಿದಾಗ ಪಿಸ್ಟನ್ನಿನ ಮುಖದ ವಿಸ್ತೀರ್ಣ ಶೇಕಡಾ 13ರಷ್ಟು ಹೆಚ್ಚುತ್ತದೆ, ಮತ್ತು ಆ ಲಾಭ ಎಲ್ಲಾ ವೇಗಗಳಲ್ಲೂ ಸಿಗುತ್ತದೆ. ಇದಕ್ಕೆ ಬದಲಾಗಿ ಎಂಜಿನ್ನಿನ ವೇಗವನ್ನು ಮಿತಿಯಲ್ಲಿಡುವ ಗವರ್ನರಿನ ಸ್ಪ್ರಿಂಗನ್ನು ಬಿಗಿಗೊಳಿಸಿ, ನಿಮಿಷಕ್ಕೆ 1450 ಸುತ್ತಿಗೆಂದು ರೂಪಿಸಿದ ಎಂಜಿನ್ನನ್ನು 2000 ಸುತ್ತಿಗೆ ಓಡಿಸುವವರೂ ಇದ್ದಾರೆ. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡಿನ ಚಲನೆಯಿಂದ ಹುಟ್ಟುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಆ ಬದಲಾವಣೆಯಲ್ಲಿ ರಾಡಿನ ಬೋಲ್ಟುಗಳ ಮೇಲಿನ ಎಳೆತ ಸುಮಾರು 1.9 ಪಟ್ಟಾಗುತ್ತದೆ. ಎರಕದ ಕಬ್ಬಿಣದ ಹಳೆಯ ಫ್ಲೈವೀಲ್ ಮಿತಿಮೀರಿದ ವೇಗದಲ್ಲಿ ಒಡೆದರೆ ಅದರ ಚೂರುಗಳು ಚಾಲಕನ ಕಾಲಿನತ್ತಲೇ ಬರುತ್ತವೆ. ಹಾಗಾಗಿ ಶಕ್ತಿಗಾಗಿ ವೇಗದ ಬದಲು ಗಾತ್ರವನ್ನು ನಂಬುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೋರ್ ಹಿಗ್ಗಿಸುವುದಕ್ಕೆ ಅವಕಾಶವೇ ಇಲ್ಲದ ಸ್ಪರ್ಧಾ ವರ್ಗಗಳೂ ಇರುವುದರಿಂದ, ನೀವು ಸ್ಪರ್ಧಿಸುವ ವರ್ಗದ ನಿಯಮವನ್ನು ಓದಿದ ನಂತರವೇ ಕಿಟ್ ತರಿಸಿ.

ಪೆಟ್ಟಿಗೆಯಲ್ಲಿ ತೆಳುಗೋಡೆಯ ನಾಲ್ಕು ಸ್ಲೀವುಗಳು, ಉಬ್ಬಿದ ತಲೆಯ ನಾಲ್ಕು ಅಲ್ಯೂಮಿನಿಯಂ ಪಿಸ್ಟನ್ನುಗಳು, ಪಿನ್ನುಗಳು, ರಿಂಗುಗಳು ಮತ್ತು ಒಂದು ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಬ್ಲಾಕಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಹಾಳೆ) ಇದ್ದವು. ಪಿಸ್ಟನ್ನುಗಳನ್ನು ತೂಗಿ ನೋಡಿದೆ. ಅವುಗಳ ನಡುವಿನ ವ್ಯತ್ಯಾಸ ಕೆಲವೇ ಗ್ರಾಂ, ಇದು ನಿಜಕ್ಕೂ ಮೆಚ್ಚತಕ್ಕ ಕೆಲಸ. ಬೋರಿನ ಪ್ರತಿ ಇಂಚಿಗೆ ಒಂದು ಇಂಚಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ಎಂಬ ರೂಢಿಯ ಲೆಕ್ಕದಲ್ಲಿ ರಿಂಗಿನ ತುದಿಗಳ ನಡುವೆ 0.016 ಇಂಚಿಗೆ ತುಸು ಹೆಚ್ಚು ಸಂದು ಇರಬೇಕು. ಮೂರನೇ ಸಿಲಿಂಡರಿನ ಮೇಲಿನ ರಿಂಗಿನಲ್ಲಿ ಮಾತ್ರ ಆ ಅಳತೆಯ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ನುಗ್ಗಲಿಲ್ಲ, ನುಣ್ಣನೆಯ ಅರದಿಂದ ಉಜ್ಜಿ ಸರಿಪಡಿಸಬೇಕಾಯಿತು. ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಪ್ರತಿ ರಿಂಗನ್ನೂ ಅದರದೇ ಸಿಲಿಂಡರಿನಲ್ಲಿ ಇಟ್ಟು ಅಳೆಯುವುದು ಜೋಡಿಸುವವನ ಹೊಣೆ.

ಗ್ಯಾಸ್ಕೆಟ್ಟಿನ ವಿಷಯ ಹಾಗಲ್ಲ. ಹೆಡ್ಡನ್ನು ಕೂರಿಸುವ ಮುನ್ನ ಗ್ಯಾಸ್ಕೆಟ್ಟನ್ನು ಬ್ಲಾಕಿನ ಮೇಲೆ ಇಟ್ಟು ಬಾಗಿ ನೋಡಿದಾಗ, ಪ್ರತಿ ಸಿಲಿಂಡರಿನ ಸುತ್ತ ತಗಡಿನ ಅಂಚು ಒಂದು ತೆಳುವಾದ ಬಳೆಯಂತೆ ಒಳಕ್ಕೆ ಚಾಚಿಕೊಂಡಿರುವುದು ಕಂಡಿತು. ಅಳೆದರೆ ಗ್ಯಾಸ್ಕೆಟ್ಟಿನ ರಂಧ್ರದ ವ್ಯಾಸ ಸರಿಯಾಗಿ 4 ಇಂಚು, ಅಂದರೆ ಸುತ್ತಲೂ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್ ತಗಡು ದಹನದ ಬೆಂಕಿಗೆ ನೇರವಾಗಿ ಒಡ್ಡಿಕೊಂಡಿರುತ್ತಿತ್ತು. ಅಂಥ ಅಂಚು ಕಾದು ಕೆಂಪಾದರೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಮೊದಲೇ ಇಂಧನ ಹೊತ್ತಿಕೊಳ್ಳುತ್ತದೆ, ಮತ್ತು ಪೂರ್ತಿ ಭಾರದಲ್ಲಿ ಹಾಗಾದರೆ ಹೊಸ ಪಿಸ್ಟನ್ನಿನ ತಲೆ ತೂತಾಗಲು ಹೆಚ್ಚು ಹೊತ್ತು ಬೇಕಿಲ್ಲ. ಮಾರಿದವರಿಗೆ ಬರೆದಾಗ, ಎಲ್ಲರಿಗೂ ಇದನ್ನೇ ಕಳುಹಿಸುತ್ತೇವೆ, ಯಾರೂ ದೂರಿಲ್ಲ ಎಂಬ ಉತ್ತರ ಬಂತು. ಕಿಟ್ಟಿನ ಬೆಲೆಯಲ್ಲಿ ಗ್ಯಾಸ್ಕೆಟ್ಟಿನ ಪಾಲು ಎಷ್ಟೇ ಸಣ್ಣದಿರಲಿ, 4.125 ಇಂಚಿನ ಬೋರಿಗೆಂದು ಮಾರುವ ಪೆಟ್ಟಿಗೆಯಲ್ಲಿ ಆ ಬೋರಿಗೆ ಹೊಂದದ ಗ್ಯಾಸ್ಕೆಟ್ ಇಡುವುದನ್ನು ನಾನು ಒಪ್ಪಲಾರೆ. ದೊಡ್ಡ ರಂಧ್ರದ ಗ್ಯಾಸ್ಕೆಟ್ಟನ್ನು ಬೇರೆಡೆ ಕೊಂಡು ಹಾಕಿದೆ.

ಕಂಪ್ರೆಶನ್ ಅನುಪಾತ (ಸಿಲಿಂಡರಿಗೆ ಬಂದ ಮಿಶ್ರಣವನ್ನು ಪಿಸ್ಟನ್ ಎಷ್ಟರಲ್ಲಿ ಒಂದು ಪಾಲಿಗೆ ಒತ್ತುತ್ತದೆ ಎಂಬ ಲೆಕ್ಕ) 7 ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಹೆಡ್ಡಿನ ಕುಳಿಯ ಮೇಲೆ ಗಾಜಿನ ಹಲಗೆಯಿಟ್ಟು, ಬ್ಯುರೆಟ್ಟಿನಿಂದ ಎಣ್ಣೆ ತುಂಬಿಸಿ, ಗ್ಯಾಸ್ಕೆಟ್ಟಿನ ದಪ್ಪವನ್ನು ಕೂಡಿಸಿ, ಪಿಸ್ಟನ್ನಿನ ಉಬ್ಬನ್ನು ಕಳೆದು ಲೆಕ್ಕ ಹಾಕಿದಾಗ ಪಿಸ್ಟನ್ ಮೇಲ್ತುದಿ ಮುಟ್ಟಿದಾಗ ಅದರ ಮೇಲೆ ಉಳಿಯುವ ಜಾಗವೆಂದು ನನಗೆ ಸಿಕ್ಕಿದ್ದು ಸುಮಾರು 200 ಸಿಸಿ. ಒಂದು ಸಿಲಿಂಡರಿನ ಗಾತ್ರ ಸುಮಾರು 1150 ಸಿಸಿ ಆದ್ದರಿಂದ, ಎರಡನ್ನೂ ಕೂಡಿಸಿ 200ರಿಂದ ಭಾಗಿಸಿದರೆ ನಿಜವಾದ ಅನುಪಾತ 6.75. ಏಳನ್ನು ಮುಟ್ಟಲು ಇನ್ನೂ ಎಂಟು ಸಿಸಿಯಷ್ಟು ಕಡಿಮೆಯಾಗಬೇಕಿತ್ತು, ಅದಕ್ಕಾಗಿ ಹೆಡ್ಡಿನ ಮುಖವನ್ನು ತುಸು ಹೆರೆಸಿದೆ. ಇಂದಿನ ಸಾಮಾನ್ಯ ಪೆಟ್ರೋಲಿಗೆ ಈ ಅನುಪಾತ ಭಾರವಲ್ಲ.

ಕಿಟ್ ಮುಟ್ಟದೆ ಬಿಡುವ ಭಾಗಗಳಲ್ಲೇ ಉಳಿದ ಶಕ್ತಿ ಅಡಗಿದೆ. ಹೊಸ ಪಿಸ್ಟನ್ನುಗಳನ್ನು ಹಾಕಿ, ಹಳೆಯ ಕಾರ್ಬ್ಯುರೇಟರನ್ನು ಹಾಗೆಯೇ ಕೂರಿಸಿ ಪಿಟಿಒ (ಟ್ರ್ಯಾಕ್ಟರಿನ ಹಿಂದಿನ ತಿರುಗುವ ದಂಡ) ಮೂಲಕ ಶಕ್ತಿ ಅಳೆಯುವ ಡೈನಮೋಮೀಟರಿಗೆ ಕಟ್ಟಿದಾಗ ಎಂಜಿನ್ ಭಾರದಡಿ ಸೊರಗಿತು. ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಪಿಂಗಾಣಿ ಸುಣ್ಣದಂತೆ ಬೆಳ್ಳಗಿತ್ತು. 248 ಘನ ಇಂಚಿಗೆಂದು ಕೊರೆದ ಮುಖ್ಯ ಜೆಟ್ (ಕಾರ್ಬ್ಯುರೇಟರಿನಲ್ಲಿ ಇಂಧನ ಹಾಯುವ ಸಣ್ಣ ರಂಧ್ರ) ಹೆಚ್ಚಿದ ಗಾಳಿಗೆ ತಕ್ಕ ಇಂಧನವನ್ನು ಕೊಡುತ್ತಿರಲಿಲ್ಲ. ಜೆಟ್ಟನ್ನು ಒಂದೊಂದೇ ಅಳತೆ ಹಿಗ್ಗಿಸುತ್ತ ಹೋಗಿ, ಪ್ಲಗ್ಗು ತಿಳಿ ಕಂದು ಬಣ್ಣಕ್ಕೆ ಬಂದಲ್ಲಿ ನಿಲ್ಲಿಸಿದೆ. ವಾಲ್ವಿನ ಸೀಟುಗಳನ್ನು ಹೊಸದಾಗಿ ಕತ್ತರಿಸಿ, ಇನ್‌ಟೇಕ್ ದಾರಿಯಲ್ಲಿದ್ದ ಎರಕದ ಗಂಟುಗಳನ್ನು ಸವರಿದ್ದರಿಂದ ಸಿಕ್ಕ ಉಸಿರು ಬೇರೆ. ಭಾರ ಬಿದ್ದಾಗ ಸಣ್ಣಗೆ ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ಒಮ್ಮೆಲೇ ಸಿಡಿಯುವ ಬಡಿತ) ಕೇಳಿಸಿದ್ದರಿಂದ, ಕಿಡಿ ಹಾರುವ ಟೈಮಿಂಗನ್ನು ಎರಡು ಡಿಗ್ರಿ ಹಿಂದಕ್ಕೆ ತಂದೆ. ಇದಾವುದೂ ಕಿಟ್ಟಿನ ಜೊತೆಗಿರುವ ಒಂದು ಪುಟದ ಸೂಚನೆಯಲ್ಲಿಲ್ಲ, ಮೊದಲ ಬಾರಿಗೆ ಎಂಜಿನ್ ಬಿಚ್ಚುವವರಿಗೆ ಅದು ದೊಡ್ಡ ಅನ್ಯಾಯ.

ಎರಡನೆಯ ಋತು ಮುಗಿದ ಮೇಲೆ ಹೆಡ್ ತೆಗೆದು ನೋಡಿದೆ. ಸ್ಲೀವುಗಳಲ್ಲಿ ಹೋನಿಂಗ್ ಮಾಡಿದ (ಉಜ್ಜುಗಲ್ಲಿನಿಂದ ತೀಡಿದ) ಅಡ್ಡಗೆರೆಗಳು ಇನ್ನೂ ಸ್ಪಷ್ಟವಾಗಿವೆ, ಪಿಸ್ಟನ್ನಿನ ತಲೆಯ ಮೇಲೆ ಒಂದೂ ಗುಳಿಯಿಲ್ಲ, ಹೊರಗೆ ಕೊಂಡ ಗ್ಯಾಸ್ಕೆಟ್ಟಿನ ಅಂಚು ಎಲ್ಲೂ ಸುಟ್ಟಿಲ್ಲ. ಇನ್ನೊಂದು ಎಂ ಸಿಕ್ಕರೆ ಇದೇ ಕಿಟ್ಟನ್ನು ಮತ್ತೆ ತರಿಸುತ್ತೇನೆ. ಗ್ಯಾಸ್ಕೆಟ್ಟನ್ನು ಮಾತ್ರ ಮೊದಲೇ ಬೇರೆ ಕಡೆಯಿಂದ ಕೊಂಡಿಟ್ಟುಕೊಳ್ಳುತ್ತೇನೆ.